ಅಂಗಳದ ಹುಲ್ಲಿಗೆ ಮದ್ದು: ಬಿಡುವ ಮುನ್ನ ತಿಳಿದಿರಬೇಕಾದದ್ದು

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕರಾವಳಿಯ ಮನೆಯಂಗಳ ಹಸಿರಾಗಲು ಎರಡು ವಾರ ಸಾಕು. ಆಗಸ್ಟ್ ಬರುವಷ್ಟರಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿರುತ್ತದೆ. ಹಾವಿನ ಭಯ, ಸೊಳ್ಳೆಯ ಕಾಟ, ಮೇಲಾಗಿ ನೆಂಟರು ಬಂದರೆ ಏನೆಂದುಕೊಂಡಾರು ಎಂಬ ಸಂಕೋಚ. ಹುಲ್ಲು ಕೀಳಲು ಆಳು ಸಿಗುವುದಿಲ್ಲ, ಸಿಕ್ಕಿದರೂ ಸಂಬಳ ಕೈಗೆಟಕುವುದಿಲ್ಲ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ: "ಅಂಗಡಿಯಿಂದ ಒಂದು ಬಾಟಲಿ ಹುಲ್ಲಿನ ಮದ್ದು ತಂದು ಬಿಟ್ಟರೆ ಆಯಿತಲ್ಲ?" ತರುವ ಕೆಲಸ, ಬಿಡುವ ಕೆಲಸ ಎರಡೂ ಹೆಚ್ಚಾಗಿ ಬರುವುದು ಮನೆಯಲ್ಲಿರುವ ಕಾಲೇಜು ಹುಡುಗನ ಪಾಲಿಗೆ. ಆದ್ದರಿಂದ ಈ ವಿಷಯವನ್ನು ನಾವು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ಕಳೆನಾಶಕ ಹೇಗೆ ಕೆಲಸ ಮಾಡುತ್ತದೆ, ಯಾವಾಗ ಫಲ ಕೊಡುತ್ತದೆ, ಎಲ್ಲಿ ಅದನ್ನು ಮುಟ್ಟಲೇಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಕಳೆಯ ಪರಿಚಯ

ಬೇಡದ ಜಾಗದಲ್ಲಿ ಬೆಳೆದ ಗಿಡವೇ ಕಳೆ. ಅಂಗಳದಲ್ಲಿ ತಾನಾಗಿ ಹುಟ್ಟುವ ಎಲ್ಲವೂ ಕಳೆಯಲ್ಲ. ಒಂದೆಲಗ, ಹೊನಗೊನ್ನೆ, ಗೋಣಿಸೊಪ್ಪು, ನೆಲನೆಲ್ಲಿ ಇವೆಲ್ಲ ನಮ್ಮ ಅಜ್ಜಿಯಂದಿರು ಅಡುಗೆಗೂ ಮನೆಮದ್ದಿಗೂ ಬಳಸುತ್ತಿದ್ದ ಗಿಡಗಳು. ಮದ್ದು ಬಿಡುವ ಮೊದಲು ಒಮ್ಮೆ ಮನೆಯ ಹಿರಿಯರನ್ನು ಅಂಗಳಕ್ಕೆ ಕರೆದು ಕೇಳುವುದು ಒಳ್ಳೆಯದು.

ಉಳಿದ ಕಳೆಗಳನ್ನು ಎರಡು ರೀತಿಯಲ್ಲಿ ವಿಂಗಡಿಸಬೇಕು. ಒಂದು, ಎಲೆಯ ಪ್ರಕಾರ. ಹುಲ್ಲಿನ ಜಾತಿಯವು ಏಕದಳ ಸಸ್ಯಗಳು. ಕಿರಿದಾದ ಎಲೆ, ಸಮಾನಾಂತರ ನಾಳಗಳು. ಕಾಂಗ್ರೆಸ್ ಕಳೆ ಎಂದು ಕರೆಯುವ ಪಾರ್ಥೇನಿಯಂ, ನಾಚಿಕೆ ಮುಳ್ಳು ಮುಂತಾದವು ದ್ವಿದಳ ಸಸ್ಯಗಳು. ಎರಡು, ಆಯುಷ್ಯದ ಪ್ರಕಾರ. ಕೆಲವು ಒಂದೇ ಮಳೆಗಾಲದಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಇನ್ನು ಕೆಲವು ನೆಲದೊಳಗೆ ಗಡ್ಡೆ ಅಥವಾ ಬೇರುಕಾಂಡ ಇಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತವೆ. ಗರಿಕೆ ಮತ್ತು ಕೊನ್ನಾರಿ ಗಡ್ಡೆ ಈ ಎರಡನೇ ಗುಂಪಿನವು. ಕೊನ್ನಾರಿ ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ, ಜೇಕಿನ ಜಾತಿಗೆ ಸೇರಿದ್ದು. ಅದರ ಹೂವಿನ ದಂಟನ್ನು ಬೆರಳಲ್ಲಿ ಉರುಳಿಸಿ ನೋಡಿದರೆ ಮೂರು ಅಂಚು ಕೈಗೆ ಸಿಗುತ್ತದೆ. ನೆಲದಡಿ ಅದರ ಗಡ್ಡೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಮೇಲಿನ ಎಲೆಯನ್ನು ಎಷ್ಟು ಸಲ ಕಿತ್ತರೂ ಗಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ.

ಈ ವಿಂಗಡಣೆ ಪರೀಕ್ಷೆಯ ಅಂಕಕ್ಕೆ ಮಾತ್ರ ಅಲ್ಲ. ಯಾವ ಮದ್ದು ಯಾವ ಕಳೆಗೆ ನಾಟುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

ಮದ್ದು ಗಿಡವನ್ನು ಕೊಲ್ಲುವ ಬಗೆ

ಪ್ರಥಮ ಪಿಯುಸಿಯಲ್ಲಿ ಸಸ್ಯದ ಬೆಳವಣಿಗೆಯ ಪಾಠ ಓದಿದವರಿಗೆ ಆಕ್ಸಿನ್ ನೆನಪಿರಬಹುದು. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆ ಬೆಳಕಿನ ಕಡೆ ಬಾಗುವುದನ್ನು ಗಮನಿಸಿದರು. ಮುಂದೆ ವೆಂಟ್ ಎಂಬ ವಿಜ್ಞಾನಿ ಓಟ್ಸ್ ಮೊಳಕೆಯ ತುದಿಯಿಂದ ಆಕ್ಸಿನ್ ಬೇರ್ಪಡಿಸಿದರು. ಅದೇ ಪಾಠದಲ್ಲಿ 2,4-ಡಿ ಎಂಬ ಹೆಸರೂ ಬರುತ್ತದೆ. ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಆಕ್ಸಿನ್. ದ್ವಿದಳ ಸಸ್ಯದೊಳಗೆ ಅದು ಹೊಕ್ಕರೆ ಬೆಳವಣಿಗೆ ಹತೋಟಿ ತಪ್ಪುತ್ತದೆ; ಕಾಂಡ ತಿರುಚಿಕೊಳ್ಳುತ್ತದೆ, ಎಲೆ ಸುರುಳಿಯಾಗುತ್ತದೆ, ಕೊನೆಗೆ ಗಿಡ ಸಾಯುತ್ತದೆ. ಬೆಳೆದ ಹುಲ್ಲಿನ ಜಾತಿಗೆ ಹೆಚ್ಚಿನ ತೊಂದರೆ ಆಗುವುದಿಲ್ಲ. ಹುಲ್ಲುಹಾಸಿನ ನಡುವಿನ ಅಗಲ ಎಲೆಯ ಕಳೆಗೆ, ಭತ್ತದ ಗದ್ದೆಯ ಕಳೆಗೆ ಇದನ್ನು ಬಳಸುವುದು ಇದೇ ಕಾರಣಕ್ಕೆ. ಗರಿಕೆ ತುಂಬಿದ ಅಂಗಳಕ್ಕೆ 2,4-ಡಿ ತಂದು ಸುರಿದರೆ ಹಣ ಹೋಗುತ್ತದೆ, ಗರಿಕೆ ಹಾಗೆಯೇ ಇರುತ್ತದೆ.

ಎರಡನೆಯದು ಗ್ಲೈಫೋಸೇಟ್. ಇದು ಏಕದಳ, ದ್ವಿದಳ ಎಂದು ನೋಡುವುದಿಲ್ಲ. ಎಲೆಯ ಮೇಲೆ ಬಿದ್ದರೆ ಒಳಹೊಕ್ಕು ಫ್ಲೋಯಂ ಮೂಲಕ ಬೇರಿಗೆ, ಗಡ್ಡೆಗೆ ಇಳಿಯುತ್ತದೆ. ಅಲ್ಲಿ ಸಸ್ಯವು ಫಿನೈಲ್ ಅಲನಿನ್, ಟೈರೋಸಿನ್, ಟ್ರಿಪ್ಟೋಫ್ಯಾನ್ ಎಂಬ ಮೂರು ಅಮೈನೋ ಆಮ್ಲಗಳನ್ನು ತಯಾರಿಸುವ ದಾರಿಯಲ್ಲಿ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಪ್ರೋಟೀನ್ ಕಟ್ಟಲು ಸಾಮಗ್ರಿ ಇಲ್ಲದೆ ಗಿಡ ನಿಧಾನವಾಗಿ ಹಳದಿಯಾಗಿ ಒಣಗುತ್ತದೆ. ಪೂರ್ತಿ ಸಾಯಲು ಎರಡು ಮೂರು ವಾರ ಹಿಡಿಯಬಹುದು. "ಮೂರು ದಿನವಾದರೂ ಹುಲ್ಲು ಸಾಯಲಿಲ್ಲ" ಎಂದು ಮತ್ತೊಮ್ಮೆ ಬಿಡುವವರು ಈ ವಿಷಯ ತಿಳಿಯದವರು.

ಮೂರನೆಯದು ಪ್ಯಾರಾಕ್ವಾಟ್. ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಬರುವ ಮೊದಲನೇ ದ್ಯುತಿವ್ಯವಸ್ಥೆಯಿಂದ ಇದು ಎಲೆಕ್ಟ್ರಾನ್ ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಹಾಗೆ ಹುಟ್ಟುವ ಉಗ್ರ ಆಮ್ಲಜನಕ ಕಣಗಳು ಜೀವಕೋಶದ ಪೊರೆಯನ್ನು ಹರಿದುಹಾಕುತ್ತವೆ. ಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ಎಲೆ ಸುಟ್ಟಂತೆ ಆಗುತ್ತದೆ. ಆದರೆ ಇದು ತಗಲಿದ ಭಾಗವನ್ನು ಮಾತ್ರ ಸುಡುತ್ತದೆ, ಗಡ್ಡೆಗೆ ಇಳಿಯುವುದಿಲ್ಲ. ಕೊನ್ನಾರಿ, ಗರಿಕೆ ಕೆಲವೇ ವಾರಗಳಲ್ಲಿ ಮತ್ತೆ ಹಸಿರಾಗುತ್ತವೆ. ನೋಡಲು ಅತಿ ಪರಿಣಾಮಕಾರಿ ಎನಿಸುವ ಮದ್ದು ಬಹುವಾರ್ಷಿಕ ಕಳೆಯ ಮಟ್ಟಿಗೆ ಅತಿ ಕಡಿಮೆ ಪರಿಣಾಮದ್ದು.

ಕಾನೂನು ಮತ್ತು ವಿವಾದ

ನಮ್ಮ ದೇಶದಲ್ಲಿ ಕಳೆನಾಶಕಗಳೂ 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲೇ ಬರುತ್ತವೆ. ಯಾವ ಬೆಳೆಗೆ, ಯಾವ ಜಾಗಕ್ಕೆ ಎಂದು ಲೇಬಲ್‌ನಲ್ಲಿ ಬರೆದಿದೆಯೋ ಅಲ್ಲಿಗೆ ಮಾತ್ರ ಆ ಮದ್ದು. ಗ್ಲೈಫೋಸೇಟ್‌ಗೆ ಇಲ್ಲಿ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಇನ್ನೊಂದು ನಿರ್ಬಂಧದ ಆದೇಶ ಹೊರಡಿಸಿತು: ಪೆಸ್ಟ್ ಕಂಟ್ರೋಲ್ ಆಪರೇಟರುಗಳನ್ನು ಬಿಟ್ಟು ಬೇರೆ ಯಾರೂ ಇದನ್ನು ಬಳಸಬಾರದು. ಅಂಗಡಿಯವರು ಕೊಟ್ಟರು ಎಂಬ ಮಾತ್ರಕ್ಕೆ ನಾವೇ ಬಿಡಬಹುದು ಎಂದು ಅರ್ಥವಲ್ಲ. ಬೇಕೇ ಬೇಕು ಎನಿಸಿದರೆ ಪರವಾನಗಿ ಇರುವ ಆಪರೇಟರನ್ನು ಕರೆಸುವುದು ಸರಿಯಾದ ದಾರಿ.

ಇದರ ಹಿಂದೆ ದೊಡ್ಡ ಚರ್ಚೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಗ್ಲೈಫೋಸೇಟ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಪ್ಯಾರಾಕ್ವಾಟ್ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅವಕಾಶವಿಲ್ಲ. ನಮ್ಮ ನೆರೆಯ ಕೇರಳ 2011ರಲ್ಲಿ ಅದನ್ನು ನಿಷೇಧಿಸಿತು. 2,4-ಡಿಗೂ ಒಂದು ಕರಾಳ ಇತಿಹಾಸವಿದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್ ಎಂಬ ಮಿಶ್ರಣದಲ್ಲಿ ಅದು ಅರ್ಧ ಭಾಗ, ಇನ್ನರ್ಧ 2,4,5-ಟಿ. ಅಲ್ಲಿನ ಭೀಕರ ಪರಿಣಾಮಗಳಿಗೆ ಮುಖ್ಯ ಕಾರಣ 2,4,5-ಟಿ ತಯಾರಿಕೆಯಲ್ಲಿ ಸೇರಿಕೊಂಡಿದ್ದ ಡಯಾಕ್ಸಿನ್.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಳೆನಾಶಕವಲ್ಲ, ಕೀಟನಾಶಕ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ತೋಟಕ್ಕೆಂದು ಬಿಟ್ಟ ಮದ್ದು ತೋಟದಲ್ಲೇ ನಿಲ್ಲುವುದಿಲ್ಲ ಎಂಬ ಪಾಠವನ್ನು ನಮ್ಮ ಜಿಲ್ಲೆಗಳು ಬಹಳ ದೊಡ್ಡ ಬೆಲೆ ತೆತ್ತು ಕಲಿತಿವೆ.

ಎಲ್ಲಿ ಬೇಡವೇ ಬೇಡ

ಬಸಳೆ ಚಪ್ಪರ, ಬೆಂಡೆ, ಹರಿವೆ, ಕರಿಬೇವು ಇರುವ ಹಿತ್ತಿಲಿಗೆ ಕಳೆನಾಶಕ ಬೇಡ. ಪಪ್ಪಾಯಿ, ಟೊಮೆಟೊ ಗಿಡಗಳಿಗೆ 2,4-ಡಿಯ ಹನಿ ಗಾಳಿಯಲ್ಲಿ ತೇಲಿ ಬಂದು ತಗಲಿದರೂ ಎಲೆ ಮುರುಟುತ್ತದೆ. ಬಾವಿಯ ಸುತ್ತ ಬೇಡ. ಬಾವಿಯ ಕಡೆಗೆ ನೀರು ಹರಿದುಬರುವ ಇಳಿಜಾರಿನಲ್ಲೂ ಬೇಡ. ನಮ್ಮ ಮುರಕಲ್ಲಿನ ನೆಲದಲ್ಲಿ ಮಳೆ ನೀರು ಬೇಗ ಇಂಗಿ ಬಾವಿ ಸೇರುತ್ತದೆ. ಮಸೀದಿಯ ಖಬರಸ್ಥಾನದ ಹುಲ್ಲಿಗೆ ಮದ್ದು ಬಿಡುವ ಮಾತು ಬಂದಾಗಲೂ ಜಮಾಅತಿನವರು ಮೊದಲು ನೋಡಬೇಕಾದದ್ದು ವುಝೂವಿಗೆ ನೀರು ಕೊಡುವ ಬಾವಿ ಎಷ್ಟು ಹತ್ತಿರ ಇದೆ ಎಂದು.

ಆಡು, ದನ, ಕೋಳಿ ಮೇಯುವ ಜಾಗವೂ ಈ ಪಟ್ಟಿಯಲ್ಲಿದೆ. ಬಕ್ರೀದ್‌ಗೆ ಎಂದು ಕೆಲವು ವಾರ ಮುಂಚೆ ತಂದ ಆಡನ್ನು ನಾವು ಕಟ್ಟುವುದು ಅಂಗಳದ ಹುಲ್ಲಿರುವ ಮೂಲೆಯಲ್ಲೇ. ಅಲ್ಲಿ ಇತ್ತೀಚೆಗೆ ಯಾರಾದರೂ ಮದ್ದು ಬಿಟ್ಟಿದ್ದಾರೆಯೇ ಎಂದು ಕೇಳಿಯೇ ಕಟ್ಟಬೇಕು. ಪಕ್ಕದ ತೋಟದಿಂದ ಕೊಯ್ದು ತರುವ ಹುಲ್ಲಿಗೂ ಇದೇ ಮಾತು.

ನೆರೆಮನೆಯ ಹಕ್ಕಿನ ಬಗ್ಗೆ ಮದ್ರಸದಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನಮ್ಮ ಗೋಡೆಯ ಈಚೆ ಬಿಟ್ಟ ಮದ್ದು ಆಚೆಯವರ ಮಲ್ಲಿಗೆ ಬುಡಕ್ಕೆ, ಅವರ ಬಾವಿಗೆ ಹೋದರೆ ಅದು ಸಣ್ಣ ತಪ್ಪಲ್ಲ. ಬಿಡುವ ಹಿಂದಿನ ದಿನ ಅವರಿಗೆ ಒಂದು ಮಾತು ತಿಳಿಸಿದರೆ ಮಕ್ಕಳನ್ನೂ ಪ್ರಾಣಿಗಳನ್ನೂ ಅವರು ದೂರ ಇಟ್ಟುಕೊಳ್ಳುತ್ತಾರೆ.

ಹಾಗಾದರೆ ಉಳಿದದ್ದು ಯಾವುದು? ಇಂಟರ್‌ಲಾಕ್ ಕಲ್ಲಿನ ಸಂದಿ, ಕಾಂಪೌಂಡಿನ ಹೊರಬದಿ, ಗೇಟಿನ ದಾರಿ, ಕಟ್ಟಡ ಕಟ್ಟಲು ಖಾಲಿ ಬಿಟ್ಟ ಜಾಗ. ಲೇಬಲ್‌ನಲ್ಲಿ ಬೆಳೆ ಇಲ್ಲದ ಜಾಗಕ್ಕೆ ಒಪ್ಪಿಗೆ ಇರುವ ಮದ್ದಿಗೆ ಅರ್ಥವಿರುವುದು ಇಂಥಲ್ಲಿ ಮಾತ್ರ.

ಫಲ ಸಿಗುವುದು ಯಾವಾಗ?

ಆಪರೇಟರನ್ನು ಕರೆಸಿದರೂ, ತೋಟದಲ್ಲಿ ಒಪ್ಪಿಗೆ ಇರುವ ಮದ್ದನ್ನು ನೀವೇ ಬಿಟ್ಟರೂ ಈ ಕೆಲವು ವಿಷಯಗಳು ಒಂದೇ.

ಕಳೆ ಎಳೆಯದಾಗಿ, ಹಸಿರಾಗಿ ಬೆಳೆಯುತ್ತಿರುವಾಗ ಮದ್ದು ಚೆನ್ನಾಗಿ ನಾಟುತ್ತದೆ. ಬೇಸಿಗೆಯಲ್ಲಿ ಬಾಡಿ ನಿಂತ ಗಿಡ ಮದ್ದನ್ನು ಒಳಗೆ ಸಾಗಿಸುವುದಿಲ್ಲ. ಬೀಜ ಉದುರಿಸಿದ ಮೇಲೆ ತಾಯಿ ಗಿಡವನ್ನು ಕೊಂದು ಏನೂ ಪ್ರಯೋಜನವಿಲ್ಲ. ಮುಂದಿನ ಮಳೆಗಾಲದ ಪೀಳಿಗೆ ಆಗಲೇ ಮಣ್ಣು ಸೇರಿರುತ್ತದೆ. ಹೂ ಬಿಡುವ ಮುಂಚೆ ಎಂಬುದೇ ಸರಿಯಾದ ಸಮಯ.

ಒಳಹೊಕ್ಕು ಕೆಲಸ ಮಾಡುವ ಮದ್ದನ್ನು ಬಿಡುವ ಮೊದಲು ಹುಲ್ಲು ಕತ್ತರಿಸಬಾರದು. ಎಲೆ ಇದ್ದರೆ ತಾನೇ ಮದ್ದು ಒಳಗೆ ಹೋಗುವುದು? ಬಿಟ್ಟ ಕೂಡಲೇ ಕೀಳಲೂಬಾರದು. ಮದ್ದು ಬೇರಿಗೆ ಇಳಿಯಲು ಸಮಯ ಬೇಕು.

ಮದ್ದು ಬಿಟ್ಟ ಮೇಲೆ ಲೇಬಲ್ ಹೇಳಿದಷ್ಟು ಗಂಟೆ ಮಳೆ ಬರಬಾರದು. ಜುಲೈನ ಸುರಿಮಳೆಯಲ್ಲಿ ಬಿಟ್ಟರೆ ಮದ್ದು ಚರಂಡಿ ಸೇರುತ್ತದೆ, ಅಲ್ಲಿಂದ ತೋಡು, ತೋಡಿನಿಂದ ಹೊಳೆ. ಮಳೆ ಬಿಡುವು ಕೊಡುವ ಸೆಪ್ಟೆಂಬರ್ ನಂತರದ ದಿನಗಳು ಇದಕ್ಕಿಂತ ವಾಸಿ. ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು ಒಳ್ಳೆಯದು.

ನೀರು ತಿಳಿಯಾಗಿರಬೇಕು. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ರಾಸಾಯನಿಕ. ಕೆಸರು ನೀರಿನಲ್ಲಿ ಬೆರೆಸಿದರೆ ಅದು ಕ್ಯಾನಿನೊಳಗೇ ನಿಷ್ಪ್ರಯೋಜಕವಾಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರೂ ಅದರ ಬಲ ತಗ್ಗಿಸುತ್ತದೆ.

ನಳಿಕೆಯನ್ನು ನೆಲಕ್ಕೆ ಹತ್ತಿರ ಹಿಡಿಯಬೇಕು. ಹನಿ ತೀರಾ ಮಂಜಿನಂತಿದ್ದರೆ ಗಾಳಿಗೆ ಹಾರುತ್ತದೆ. ಸ್ವಲ್ಪ ದಪ್ಪ ಹನಿ ಇರಲಿ. ಕಳೆನಾಶಕ ಬಿಟ್ಟ ಕ್ಯಾನಿನಲ್ಲಿ ತರಕಾರಿಗೆ ಬೇರೆ ಮದ್ದು ಬಿಡಬಾರದು. ತೊಳೆದರೂ ಉಳಿಯುವ ಅಂಶ ಬೆಳೆಯನ್ನು ಸುಡಲು ಸಾಕು. ಎರಡಕ್ಕೂ ಬೇರೆ ಬೇರೆ ಕ್ಯಾನ್ ಇಟ್ಟು ಮೇಲೆ ಬಣ್ಣದಲ್ಲಿ ಬರೆದಿಡಿ.

ಅಳತೆಯ ಲೆಕ್ಕ

"ಒಂದು ಮುಚ್ಚಳ ಜಾಸ್ತಿ ಹಾಕು, ಬೇಗ ಸಾಯಲಿ" ಎಂಬುದು ಸಾಮಾನ್ಯ ಮಾತು. ಒಳಹೊಕ್ಕು ಕೆಲಸ ಮಾಡುವ ಮದ್ದಿನಲ್ಲಿ ಇದು ಉಲ್ಟಾ ಹೊಡೆಯಬಹುದು. ಅತಿಯಾದ ಮದ್ದು ಎಲೆಯನ್ನು ಮೊದಲೇ ಸುಟ್ಟರೆ ಬೇರಿಗೆ ಸಾಗಿಸುವವರು ಯಾರು? ಆದ್ದರಿಂದ ಮುಚ್ಚಳದ ಲೆಕ್ಕ ಬಿಟ್ಟು ಮಿಲಿಲೀಟರ್ ಲೆಕ್ಕಕ್ಕೆ ಬನ್ನಿ.

ಲೇಬಲ್‌ಗಳು ಹೆಕ್ಟೇರ್ ಲೆಕ್ಕದಲ್ಲಿ ಇರುತ್ತವೆ. ನಮ್ಮ ಮನೆ ಜಾಗ ಸೆಂಟ್ಸ್ ಲೆಕ್ಕದಲ್ಲಿ. 1 ಹೆಕ್ಟೇರ್ ಎಂದರೆ 10,000 ಚದರ ಮೀಟರ್. 1 ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್. ಒಂದು ಲೇಬಲ್‌ನಲ್ಲಿ ಹೆಕ್ಟೇರಿಗೆ 2 ಲೀಟರ್ ಮದ್ದು, 500 ಲೀಟರ್ ನೀರು ಎಂದಿದೆ ಎಂದುಕೊಳ್ಳಿ. ಆಗ 1 ಲೀಟರ್ ನೀರಿಗೆ 4 ಮಿಲಿಲೀಟರ್ ಮದ್ದು. 1 ಚದರ ಮೀಟರಿಗೆ 50 ಮಿಲಿಲೀಟರ್ ದ್ರಾವಣ. ನಿಮ್ಮ ಜಾಗ 10 ಮೀಟರ್ ಉದ್ದ, 5 ಮೀಟರ್ ಅಗಲ ಇದ್ದರೆ 50 ಚದರ ಮೀಟರ್. ಬೇಕಾದದ್ದು ಎರಡೂವರೆ ಲೀಟರ್ ನೀರು ಮತ್ತು 10 ಮಿಲಿಲೀಟರ್ ಮದ್ದು ಮಾತ್ರ. ಇದು ಲೆಕ್ಕದ ಮಾದರಿ. ಅಂಕಿಯನ್ನು ನಿಮ್ಮ ಕೈಯಲ್ಲಿರುವ ಲೇಬಲ್‌ನಿಂದಲೇ ತೆಗೆದುಕೊಳ್ಳಬೇಕು.

ಕ್ಯಾನಿಗೆ ಮೊದಲು 1 ಲೀಟರ್ ಬರೀ ನೀರು ತುಂಬಿಸಿ, ನಡೆಯುತ್ತ ಬಿಟ್ಟು ನೋಡಿ. ಈ ಲೆಕ್ಕದಲ್ಲಿ ಅದು 20 ಚದರ ಮೀಟರಿಗೆ ಸಾಲಬೇಕು. 10 ಚದರ ಮೀಟರಿಗೇ ಮುಗಿದರೆ ನೀವು ನಿಧಾನ ನಡೆಯುತ್ತಿದ್ದೀರಿ. ನಿಜವಾದ ಮದ್ದು ಇದ್ದಿದ್ದರೆ ಎರಡು ಪಟ್ಟು ಸುರಿದಂತೆ ಆಗುತ್ತಿತ್ತು. ಅಳತೆಗೆ ಸೂಜಿ ಇಲ್ಲದ 10 ಮಿಲಿಲೀಟರ್ ಸಿರಿಂಜ್ ಒಂದನ್ನು ಇದಕ್ಕೇ ಮೀಸಲಿಡಿ. ಅಡುಗೆಮನೆಯ ಚಮಚ, ಲೋಟ ಮುಟ್ಟಬೇಡಿ.

ಜೀವಕ್ಕಿಂತ ಅಂಗಳ ದೊಡ್ಡದಲ್ಲ

ಪ್ರತಿ ಬಾಟಲಿಯ ಮೇಲೂ ಬಣ್ಣದ ತ್ರಿಕೋನದ ಗುರುತು ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷ, ಹಳದಿ ಎಂದರೆ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಎಂದರೂ ವಿಷವಿಲ್ಲ ಎಂದಲ್ಲ. ಉದ್ದ ತೋಳಿನ ಅಂಗಿ, ಪ್ಯಾಂಟ್, ರಬ್ಬರ್ ಕೈಗವಸು, ಕನ್ನಡಕ, ಮಾಸ್ಕ್, ಬೂಟು ಇಲ್ಲದೆ ಮದ್ದು ಬೆರೆಸಲೂಬಾರದು. ಗಾಢ ಮದ್ದು ಕೈಗೆ ತಾಗುವುದು ಬೆರೆಸುವಾಗಲೇ ಹೆಚ್ಚು. ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಮೈ ತೊಳೆದು, ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಒಗೆಯಬೇಕು.

ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮದ್ದನ್ನು ಎಂದಿಗೂ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಹಾಕಿ ಇಡಬೇಡಿ. "ಅರ್ಧ ಲೀಟರ್ ಸಾಕು" ಎಂದು ಪಕ್ಕದ ಮನೆಯಿಂದ ಅಂಥ ಬಾಟಲಿಯಲ್ಲಿ ತರಬೇಡಿ. ಬಾಯಾರಿದ ಮಗು ಲೇಬಲ್ ಓದುವುದಿಲ್ಲ. ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವ ಹೋಗಬಹುದು. ಅದಕ್ಕೆ ಪ್ರತಿವಿಷವೇ ಇಲ್ಲ. ಎಲೆಯಲ್ಲಿ ನಡೆಯುವ ಅದೇ ಆಮ್ಲಜನಕದ ಕ್ರಿಯೆ ಶ್ವಾಸಕೋಶದಲ್ಲಿ ನಡೆಯುತ್ತದೆ. ಮೊದಲ ದಿನ ರೋಗಿ ಮಾತಾಡಿಕೊಂಡು ಇರಬಹುದು, ಹಾನಿ ಕೆಲವು ದಿನಗಳ ನಂತರ ಕಾಣಿಸುತ್ತದೆ. ಆದ್ದರಿಂದ "ಏನೂ ಆಗಿಲ್ಲವಲ್ಲ" ಎಂದು ಮನೆಯಲ್ಲಿ ಕಾಯಬಾರದು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಮದ್ದಿನ ಬಾಟಲಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಮದ್ದಿನ ಡಬ್ಬಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಕ್ಯಾನಿಗೇ ಸುರಿದು, ಬಾಟಲಿಗೆ ತೂತು ಮಾಡಿ ಮತ್ತೆ ಬಳಸಲಾಗದಂತೆ ಮಾಡಬೇಕು. ಸುಡಬಾರದು, ತೋಡಿನಲ್ಲಿ ತೊಳೆಯಬಾರದು.

ಉಪ್ಪು, ವಿನೆಗರ್, ಬಿಸಿ ನೀರು

ಮೊಬೈಲ್ ವಿಡಿಯೋಗಳಲ್ಲಿ ಉಪ್ಪು ಮತ್ತು ವಿನೆಗರ್ ಬೆರೆಸಿ ಬಿಡುವ ಉಪಾಯ ಬಹಳ ಓಡಾಡುತ್ತಿದೆ. ವಿನೆಗರ್ ಎಂದರೆ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ. ಅದು ಎಳೆ ಎಲೆಯನ್ನು ಸುಡುತ್ತದೆ, ಗಡ್ಡೆಗೆ ಏನೂ ಮಾಡದು. ಉಪ್ಪು ನಿಜಕ್ಕೂ ಕೊಲ್ಲುತ್ತದೆ, ಆದರೆ ಕಳೆಯ ಜೊತೆಗೆ ಮಣ್ಣನ್ನೂ ಕೆಡಿಸುತ್ತದೆ. ಸೋಡಿಯಂ ಮಣ್ಣಿನ ರಚನೆಯನ್ನು ಹಾಳುಮಾಡುತ್ತದೆ. ಕೊಳೆತು ಹೋಗುವ ವಸ್ತುವೂ ಅದಲ್ಲ. ಮನೆಯಲ್ಲಿ ಸಿಗುತ್ತದೆ ಎಂಬ ಮಾತ್ರಕ್ಕೆ ಯಾವುದೂ ನಿರಪಾಯವಲ್ಲ. ಇಂಟರ್‌ಲಾಕ್ ಸಂದಿಯ ಹುಲ್ಲಿಗೆ ಕುದಿಯುವ ನೀರು ಒಳ್ಳೆಯ ಉಪಾಯ. ಕಾಲಿಗೆ ಬೀಳದಂತೆ ನೋಡಿಕೊಂಡರೆ ಸಾಕು. ಎರಡು ಮೂರು ಸಲ ಹಾಕಬೇಕಾಗಬಹುದು.

ಕಳೆ ಮತ್ತೆ ಬಾರದಿರಲು

ಮದ್ದು ಬಿಟ್ಟು ಬರಿದಾದ ನೆಲವನ್ನು ಹಾಗೆಯೇ ಬಿಟ್ಟರೆ ಮಣ್ಣಿನಲ್ಲಿರುವ ಬೀಜಗಳು ಬಿಸಿಲು ಕಂಡು ಮೊಳೆಯುತ್ತವೆ. ನೆಲವನ್ನು ಮುಚ್ಚುವುದೇ ನಿಜವಾದ ಪರಿಹಾರ. ತೆಂಗಿನ ಗರಿ, ಸಿಪ್ಪೆ, ತರಗೆಲೆ ನಮ್ಮಲ್ಲಿ ಬೇಕಾದಷ್ಟಿವೆ. ದಪ್ಪಗೆ ಹಾಸಿದರೆ ಬೆಳಕಿಲ್ಲದೆ ಹೆಚ್ಚಿನ ಬೀಜಗಳು ಮೇಲೇಳುವುದಿಲ್ಲ, ತೇವವೂ ಉಳಿಯುತ್ತದೆ. ತರಕಾರಿ ಮಡಿ ಮಾಡುವ ಜಾಗವನ್ನು ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗಿನ ಬಿಸಿಗೆ ಬಹಳಷ್ಟು ಬೀಜಗಳು ಸಾಯುತ್ತವೆ. ಕೊನ್ನಾರಿ ಗಡ್ಡೆ ಇದಕ್ಕೂ ಪೂರ್ತಿ ಬಗ್ಗುವುದಿಲ್ಲ. ಅದನ್ನು ಹಾರೆಯಿಂದ ಅಗೆದು ಗಡ್ಡೆ ಸಮೇತ ಹೆಕ್ಕಬೇಕು.

ಪಾರ್ಥೇನಿಯಂ ಕಂಡರೆ ಹೂ ಬಿಡುವ ಮೊದಲೇ ಕೈಗವಸು ಹಾಕಿ ಬೇರು ಸಮೇತ ಕೀಳಿ. ಅದರ ಸ್ಪರ್ಶಕ್ಕೆ ಚರ್ಮದ ಅಲರ್ಜಿ, ಪರಾಗಕ್ಕೆ ಉಸಿರಾಟದ ತೊಂದರೆ ಬರುತ್ತದೆ. ಇದೇ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಸಣ್ಣ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳು ಜಾಲರಿಯಂತೆ ತೂತಾಗಿದ್ದರೆ ಅದು ಆ ಜೀರುಂಡೆಯ ಕೆಲಸ. ಅಲ್ಲಿ ಮದ್ದು ಬಿಡದೆ ಅದಕ್ಕೇ ಬಿಟ್ಟುಕೊಡಿ.

ಒಟ್ಟಿನಲ್ಲಿ ಕಳೆನಾಶಕವನ್ನು ಸರಿಯಾಗಿ ಬಳಸುವುದು ಎಂದರೆ ಬಹುಪಾಲು ಜಾಗದಲ್ಲಿ ಬಳಸದಿರುವುದು. 5 ಸೆಂಟ್ಸ್ ಜಾಗದ ಹೆಚ್ಚಿನ ಮನೆಗಳಿಗೆ ಒಂದು ಕತ್ತಿ, ಒಂದು ಹಾರೆ, ಮಳೆಗಾಲದಲ್ಲಿ ವಾರಕ್ಕೆ ಒಂದು ಗಂಟೆಯ ಕೆಲಸ ಸಾಕಾಗುತ್ತದೆ. ಮುಂದಿನ ಸಲ ಮನೆಯಲ್ಲಿ ಹುಲ್ಲಿನ ಮದ್ದಿನ ಮಾತು ಬಂದಾಗ ನಾಲ್ಕು ಪ್ರಶ್ನೆ ಕೇಳಿ: ಇದು ಯಾವ ಕಳೆ? ಈ ಮದ್ದು ಅದಕ್ಕೆ ನಾಟುತ್ತದೆಯೇ? ಇಲ್ಲಿ ನಾವೇ ಬಿಡಲು ಕಾನೂನಿನ ಒಪ್ಪಿಗೆ ಇದೆಯೇ? ಬಾವಿ, ಮಕ್ಕಳು, ಆಡು, ನೆರೆಮನೆ ಎಷ್ಟು ದೂರದಲ್ಲಿವೆ? ನಾಲ್ಕಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಬಾಟಲಿ ಅಂಗಡಿಯಲ್ಲೇ ಇರಲಿ.